ಅರಿವಳಿಕೆಯಿಂದ ಏಳುವ ಕುದುರೆಗೆ ಎಂಥ ಕೋಣೆ ಬೇಕು?

ಬಿಳಿಗೊರಸು

ನಮ್ಮ ಹೆಣ್ಣು ಕುದುರೆಯ ಮುಂಗಾಲಿನ ಫೆಟ್‌ಲಾಕ್ ಕೀಲಿನಲ್ಲಿ (ಗೊರಸಿನ ಸ್ವಲ್ಪ ಮೇಲಿರುವ ಕೀಲು) ಮೂಳೆಯ ಚೂರೊಂದು ಸಿಕ್ಕಿಕೊಂಡಿದೆ. ಪೂರ್ತಿ ಅರಿವಳಿಕೆ ಕೊಟ್ಟು, ಮಲಗಿಸಿ, ಆರ್ತ್ರೋಸ್ಕೋಪಿ (ಸಣ್ಣ ತೂತಿನಿಂದ ಕೀಲಿನೊಳಗೆ ಕ್ಯಾಮೆರಾ ಬಿಟ್ಟು ಮಾಡುವ ಆಪರೇಷನ್) ಮಾಡಿ ತೆಗೆಯಬೇಕಂತೆ. ಸರ್ಜನ್ ಮೇಲೆ ನನಗೆ ಪೂರ್ತಿ ನಂಬಿಕೆ ಇದೆ. ನಿದ್ದೆ ಕೆಡಿಸುತ್ತಿರುವುದು ಆಮೇಲಿನ ಹೊತ್ತು. ಎಚ್ಚರ ಬಂದು ಏಳುವಾಗ ಕಾಲು ಮುರಿದುಕೊಂಡ ಕುದುರೆಗಳ ಬಗ್ಗೆ ಕೇಳಿದ್ದೇನೆ. ಆಸ್ಪತ್ರೆಯವರು "ರಿಕವರಿ ಸ್ಟಾಲ್, ಅಂದರೆ ಕುದುರೆ ಎಚ್ಚರವಾಗಿ ಏಳುವ ಕೋಣೆ ಇದೆ, ಗೋಡೆಗೆಲ್ಲ ಮೆತ್ತೆ ಹಾಕಿದೆ" ಎಂದರು. ಅಷ್ಟು ಸಾಕಾ? ಕೋಣೆ ನೋಡಲು ಬನ್ನಿ ಎಂದೂ ಕರೆದಿದ್ದಾರೆ. ಹೋದಾಗ ಏನೇನು ಗಮನಿಸಬೇಕು? ಗೊತ್ತಿರುವವರು ದಯವಿಟ್ಟು ಹೇಳಿ.

ಲಾಯದಮನೆ

ಮೆತ್ತಗಿರಬೇಕು, ಮುಖ್ಯ ಅದೇ. ಮೊಣಕಾಲುದ್ದ ಒಣಹುಲ್ಲು ಹಾಸಿಬಿಟ್ಟರೆ ಬಿದ್ದರೂ ಪೆಟ್ಟಾಗುವುದಿಲ್ಲ. ನಮ್ಮ ಲಾಯದಲ್ಲಿ ಹುಷಾರಿಲ್ಲದ ಕುದುರೆಗೆ ಯಾವಾಗಲೂ ಹಾಗೇ ಮಾಡುತ್ತೇವೆ.

ನಿದ್ದೆಡಾಕ್ಟರ್

ಕುದುರೆಗಳಿಗೆ ಅರಿವಳಿಕೆ ಕೊಡುವುದೇ ನನ್ನ ಕೆಲಸ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಮೊದಲು ಬಿಳಿಗೊರಸು ಅವರ ಭಯದ ಬಗ್ಗೆ. ಅದು ಸುಮ್ನೆ ಹುಟ್ಟಿದ ಭಯವಲ್ಲ. 2002ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ 41 ಸಾವಿರಕ್ಕೂ ಹೆಚ್ಚು ಕುದುರೆಗಳ ಲೆಕ್ಕ ಇತ್ತು. ಹೊಟ್ಟೆನೋವಿನ ತುರ್ತು ಆಪರೇಷನ್‌ಗಳನ್ನು ಬಿಟ್ಟರೆ, ನೂರಕ್ಕೆ 0.9ರಷ್ಟು ಕುದುರೆಗಳು ಏಳು ದಿನದೊಳಗೆ ಸತ್ತಿದ್ದವು. ಸತ್ತವುಗಳಲ್ಲಿ ಸುಮಾರು ಕಾಲು ಭಾಗಕ್ಕೆ ಕಾರಣ ಮೂಳೆ ಮುರಿತ. 2021ರಲ್ಲಿ ಬಂದ ಹೊಸ ಸಮೀಕ್ಷೆಯ ಮೊದಲ ವರದಿಯಲ್ಲಿ ಈ 0.9 ಎಂಬುದು 0.6ಕ್ಕೆ ಇಳಿದಿದೆ. ನಾಯಿಗಳಲ್ಲಿ ಇದೇ ಲೆಕ್ಕ ಸುಮಾರು 0.17. ಅಂದರೆ ಕುದುರೆಗೆ ಅಪಾಯ ಈಗಲೂ ಜಾಸ್ತಿಯೇ. ಆದರೆ ನಿಮ್ಮಂಥ ಪ್ರಕರಣದಲ್ಲಿ ಬಹುಪಾಲು ಕುದುರೆಗಳು ಎದ್ದು ನಡೆದು ಹೊರಗೆ ಬರುತ್ತವೆ. ಅದೂ ಅಷ್ಟೇ ನಿಜ.

ಈಗ ಹುಲ್ಲಿನ ವಿಷಯ. ಲಾಯದಮನೆ ಸರ್, ಹುಷಾರಿಲ್ಲದ ಕುದುರೆಗೆ ನೀವು ಮಾಡುವುದು ಸರಿ. ಅರಿವಳಿಕೆಯಿಂದ ಏಳುವ ಕುದುರೆಗೆ ಮಾತ್ರ ಅದು ಬೇಡ.

ಕುದುರೆ ಏಳುವುದನ್ನು ಒಮ್ಮೆ ಕಣ್ಣಮುಂದೆ ತಂದುಕೊಳ್ಳಿ. ಒಂದು ಮಗ್ಗುಲಿಗೆ ಮಲಗಿರುತ್ತದೆ. ಮೊದಲು ತಲೆ ಎತ್ತುತ್ತದೆ. ಆಮೇಲೆ ಹೊರಳಿ ಎದೆಯ ಮೇಲೆ ಕೂರುತ್ತದೆ. ಮುಂಗಾಲು ಎರಡನ್ನೂ ಮುಂದಕ್ಕೆ ಚಾಚಿ ಗೊರಸು ಊರುತ್ತದೆ. ನಂತರ ಹಿಂಗಾಲಿನಿಂದ ನೆಲ ಒದ್ದು ಇಡೀ ಮೈಯನ್ನು ಮೇಲಕ್ಕೆ ತಳ್ಳುತ್ತದೆ. ಹಸು ಏಳುವುದು ಇದಕ್ಕೆ ತದ್ವಿರುದ್ಧ, ಅದು ಹಿಂಭಾಗವನ್ನು ಮೊದಲು ಎತ್ತುತ್ತದೆ. ಕುದುರೆಯಲ್ಲಿ ಆ ಒಂದು ಕ್ಷಣಕ್ಕೆ 500 ಕಿಲೋ ಭಾರ ಎರಡು ಹಿಂಗೊರಸುಗಳ ಹಿಡಿತದ ಮೇಲೆ ನಿಂತಿರುತ್ತದೆ. ಗೊರಸು ಜಾರಿತು ಅಂದರೆ ಕಾಲು ಹೊರಕ್ಕೆ ಹರಡಿಕೊಳ್ಳುತ್ತದೆ, ಇಲ್ಲವೇ ಮೈ ತಿರುಚಿಕೊಂಡು ಬೀಳುತ್ತದೆ. ಮೂಳೆ ಮುರಿಯುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ.

ರಬ್ಬರ್ ನೆಲದ ಮೇಲೆ ಒಣಹುಲ್ಲು ಹಾಸಿದರೆ ಗೊರಸಿಗೂ ನೆಲಕ್ಕೂ ನಡುವೆ ಜಾರುವ ಪದರ ಬರುತ್ತದೆ. ಕಾಲಿಗೆ ಸುತ್ತಿಕೊಳ್ಳುತ್ತದೆ. ಕೆಳಗೆ ಒದ್ದೆಯಾಗಿದ್ದರೆ ಯಾರಿಗೂ ಕಾಣುವುದಿಲ್ಲ. ಧೂಳು ನೇರವಾಗಿ ಮೂಗಿಗೆ ಹೋಗುತ್ತದೆ. ಹಾಗಾಗಿ ಆ ಕೋಣೆ ನೋಡಲು ಬೋಳಾಗಿ, ಒಂದು ಥರ ನಿರ್ದಯವಾಗಿ ಕಾಣುತ್ತದೆ. ಇರಬೇಕಾದದ್ದೇ ಹಾಗೆ.

ನೀವು ನೋಡಲು ಹೋದಾಗ ಗೋಡೆಗಿಂತ ಮೊದಲು ನೆಲ ನೋಡಿ. ಶೂ ಹಾಕಿಕೊಂಡೇ ಕಾಲು ಉಜ್ಜಿ ನೋಡಿ. ಸಾಧ್ಯವಾದರೆ ನೀರು ಚೆಲ್ಲಿಸಿ ಮತ್ತೊಮ್ಮೆ ಉಜ್ಜಿ.

ಮೂರನೇವರ್ಷ

ಮೇಡಂ, ನಾನು ಪಶುವೈದ್ಯಕೀಯ ಓದುತ್ತಿದ್ದೇನೆ. ನೀರು ಯಾಕೆ? ಒಣಗಿದ ಕೋಣೆಯಲ್ಲೇ ತಾನೇ ಮಲಗಿಸುವುದು?

ನಿದ್ದೆಡಾಕ್ಟರ್

ಮಲಗಿಸುವಾಗ ಒಣಗಿರುತ್ತದೆ, ಏಳುವಾಗ ಒಣಗಿರುತ್ತದೆ ಅನ್ನುವ ಖಾತ್ರಿ ಇಲ್ಲ. ಆಪರೇಷನ್ ಹೊತ್ತಿಗೆ ರಕ್ತನಾಳಕ್ಕೆ ಸಾಕಷ್ಟು ದ್ರವ ಹೋಗಿರುತ್ತದೆ. ಅದರ ಜೊತೆಗೆ ಜೈಲಜೀನ್ ಥರದ ಮಂಪರು ಔಷಧಿಗಳು ಮೂತ್ರವನ್ನು ಹೆಚ್ಚಿಸುತ್ತವೆ. ಮೂತ್ರಕೋಶ ತುಂಬಿದ್ದರೆ ಎರಡು ತೊಂದರೆ. ಒಂದು, ಕುದುರೆಗೆ ಒಳಗಿಂದ ಕಸಿವಿಸಿ ಶುರುವಾಗಿ ಬೇಗ ಏಳಲು ನೋಡುತ್ತದೆ. ಎರಡು, ಮಲಗಿದಲ್ಲೇ ಮೂತ್ರ ಮಾಡಿ ಹಿಂಗಾಲಿನ ಕೆಳಗೇ ಕೆರೆ ಮಾಡಿಕೊಳ್ಳುತ್ತದೆ. ಅದಕ್ಕೇ ಎಚ್ಚರಗೊಳಿಸುವ ಮೊದಲು ಕ್ಯಾಥೆಟರ್ (ತೆಳು ಕೊಳವೆ) ಹಾಕಿ ಮೂತ್ರಕೋಶ ಖಾಲಿ ಮಾಡುತ್ತೇವೆ. ಬೆವರು, ಗಾಯ ತೊಳೆದ ನೀರು, ಇವೂ ಸೇರುತ್ತವೆ. ಮೈ ಒದ್ದೆಯಿದ್ದರೆ ಒರೆಸಿಯೇ ಒಳಗೆ ತರಬೇಕು. ಒದ್ದೆ ಮೈ ಬೇಗ ತಣ್ಣಗಾಗುತ್ತದೆ. ತಣ್ಣಗಾದ ದೇಹ ಔಷಧಿಯನ್ನು ನಿಧಾನವಾಗಿ ಹೊರಹಾಕುತ್ತದೆ. ಜೊತೆಗೆ ನಡುಕ ಬಂದರೆ ಕಾಲು ಇನ್ನೂ ಅಸ್ಥಿರ. ಕೋಣೆ ಬೆಚ್ಚಗಿರಬೇಕು, ಹೊದಿಕೆ ಹೊದಿಸಿರಬೇಕು. ಏಳುವ ಸೂಚನೆ ಕಂಡ ಕೂಡಲೇ ಆ ಹೊದಿಕೆ ತೆಗೆದುಬಿಡಬೇಕು, ಕಾಲಿಗೆ ಸಿಕ್ಕೀತು.

ಹಗ್ಗಹಿಡಿದವ

ನಾನು ರಿಕವರಿ ತಂಡದಲ್ಲಿ ಹಗ್ಗ ಹಿಡಿಯುವವನು. ಡಾಕ್ಟ್ರು ಹೇಳಿದ ನೆಲದ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ: ಲಾಳ. ಲಾಳ ಹೊಡೆದ ಗೊರಸು ರಬ್ಬರ್ ಮೇಲೆ ಜಾರುತ್ತದೆ. ಒದ್ದಾಡುವಾಗ ಇನ್ನೊಂದು ಕಾಲಿಗೆ ಅದೇ ಲಾಳ ಗಾಯ ಮಾಡುತ್ತದೆ. ಮೊದಲೇ ತೆಗೆಸಿಬಿಡಿ. ತೆಗೆಯಲು ಆಗದಿದ್ದರೆ ದಪ್ಪ ಟೇಪ್ ಸುತ್ತಿ ಮುಚ್ಚುತ್ತೇವೆ.

ಇನ್ನು ಗೋಡೆ. ಮೆತ್ತೆ ಇರಬೇಕು ನಿಜ, ಆದರೆ ಮೆತ್ತೆಯಲ್ಲಿ ಹರಿದ ಜಾಗ ಇದೆಯಾ ನೋಡಿ. ಗೊರಸು ಸಿಕ್ಕಿಕೊಳ್ಳುವುದು ಅಲ್ಲೇ. ಬಾಗಿಲು ಮುಚ್ಚಿದಾಗ ಗೋಡೆಯ ಸಮಕ್ಕೆ ಕೂರಬೇಕು. ಚಿಲಕ, ಕೊಂಡಿ, ನೀರಿನ ಬಟ್ಟಲು, ಏನೂ ಒಳಗೆ ಚಾಚಿಕೊಂಡಿರಬಾರದು. ಮೂಲೆಗಳನ್ನು ಕತ್ತರಿಸಿ ಎಂಟು ಮೂಲೆಯ ಆಕಾರ ಮಾಡಿರುವ ಕೋಣೆಗಳು ಒಳ್ಳೆಯವು. ಚೂಪು ಮೂಲೆಯಲ್ಲಿ ತಲೆ ಸಿಕ್ಕಿಸಿಕೊಂಡ ಕುದುರೆ ಗಾಬರಿಯಾಗುತ್ತದೆ.

ಅಳತೆಯೂ ಮುಖ್ಯ. ಜಾಸ್ತಿ ದೊಡ್ಡದು ಅಂದರೆ ಒಳ್ಳೆಯದು ಅಂತ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಸುಮಾರು 4 ಮೀಟರ್ ಅಗಲ ಉದ್ದ ಸಾಕು. ಅದಕ್ಕಿಂತ ತುಂಬಾ ದೊಡ್ಡದಾದರೆ ತೂರಾಡುತ್ತಾ ಎದ್ದ ಕುದುರೆಗೆ ಓಡಲು ಜಾಗ ಸಿಗುತ್ತದೆ. ಓಟದ ವೇಗದಲ್ಲಿ ಹೋಗಿ ಎದುರು ಗೋಡೆಗೆ ಬಡಿಯುತ್ತದೆ. ಹತ್ತಿರದಲ್ಲೇ ಗೋಡೆ ಇದ್ದರೆ ಅದಕ್ಕೇ ಒರಗಿ ನಿಂತು ಸುಧಾರಿಸಿಕೊಳ್ಳುತ್ತದೆ.

ಮೂರನೇವರ್ಷ

ಹಗ್ಗ ಕಟ್ಟಿ ಏಳಿಸಿದರೆ ಮುರಿತ ಆಗುವುದೇ ಇಲ್ಲ ಅಂತ ನಮ್ಮ ಹಾಸ್ಟೆಲಿನಲ್ಲಿ ವಾದ ನಡೆಯುತ್ತಿರುತ್ತದೆ. ನಿಜವಾ ಅಣ್ಣ?

ಹಗ್ಗಹಿಡಿದವ

ಇಲ್ಲಪ್ಪ, ಹಗ್ಗ ಇದ್ದೂ ಮುರಿದ ಉದಾಹರಣೆಗಳಿವೆ. ತಲೆಗೊಂದು, ಬಾಲಕ್ಕೊಂದು ಹಗ್ಗ. ಎರಡೂ ಗೋಡೆಯ ಎತ್ತರದಲ್ಲಿರುವ ಬಳೆಯೊಳಗೆ ತೂರಿ ಕೋಣೆಯ ಹೊರಗೆ ಬರುತ್ತವೆ. ನಾವು ಹೊರಗೆ ನಿಂತು ಹಿಡಿದಿರುತ್ತೇವೆ. ಕುದುರೆಯನ್ನು ಹಗ್ಗದಿಂದ ಎತ್ತಲು ಆಗುವುದಿಲ್ಲ, ಎತ್ತಲು ನೋಡಲೂಬಾರದು. ಅದು ತಾನಾಗಿ ಹಿಂಗಾಲು ಒದ್ದಾಗ ಬಾಲದ ಹಗ್ಗ ಬಿಗಿ ಮಾಡಿ ಪಕ್ಕಕ್ಕೆ ವಾಲದಂತೆ ತಡೆಯುತ್ತೇವೆ, ಅಷ್ಟೇ. ಎದ್ದ ಮೇಲಿನ ಮೊದಲ ಕೆಲವು ನಿಮಿಷ ಹಗ್ಗಕ್ಕೆ ನಿಜವಾದ ಕೆಲಸ. ಸರಿಯಾಗಿ ಅಭ್ಯಾಸ ಇಲ್ಲದವರ ಕೈಗೆ ಕೊಟ್ಟರೆ ಸಡಿಲ ಹಗ್ಗ ಕಾಲಿಗೆ ಸುತ್ತಿಕೊಂಡು ಇನ್ನೊಂದು ಅಪಾಯ. ಒರಟು ನೆಲ ಎಲ್ಲರ ಕೈಯಲ್ಲೂ ಕೆಲಸ ಮಾಡುತ್ತದೆ. ಹಗ್ಗ ಹಾಗಲ್ಲ.

ಬಿಳಿಗೊರಸು

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ. ಇನ್ನೆರಡು ಪ್ರಶ್ನೆ. ಕೋಣೆ ಕತ್ತಲಾಗಿಡಬೇಕು ಅನ್ನುತ್ತಾರಲ್ಲ, ಅದು ಸರಿಯಾ? ಮತ್ತೆ, ನನ್ನ ದನಿ ಅವಳಿಗೆ ಚೆನ್ನಾಗಿ ಗೊತ್ತು. ಪಕ್ಕದಲ್ಲಿ ಕೂತು ಮಾತಾಡಿಸುತ್ತಾ ಇದ್ದರೆ ಸಮಾಧಾನವಾಗಿ ಏಳುತ್ತಾಳೆ ಅಲ್ವಾ?

ನಿದ್ದೆಡಾಕ್ಟರ್

ನಿಮ್ಮ ಎರಡನೇ ಪ್ರಶ್ನೆಗೆ ಬೇಡ ಎಂದೇ ಹೇಳಬೇಕಾಗಿದೆ. ಬೇಸರ ಮಾಡಿಕೊಳ್ಳಬೇಡಿ.

ಕುದುರೆ ಬೇಟೆಗೆ ಸಿಗುವ ಪ್ರಾಣಿಯಾಗಿ ಬೆಳೆದು ಬಂದದ್ದು. ನೆಲಕ್ಕೆ ಬಿದ್ದಿದ್ದೇನೆ ಅನ್ನುವ ಅರಿವು ಬಂದ ಕೂಡಲೇ ಅದರ ಮೊದಲ ಯೋಚನೆ ಎದ್ದು ಓಡುವುದು. ಆದರೆ ಅರಿವು ಬಂದಾಗ ಕಾಲಿಗೆ ಇನ್ನೂ ಬಲ ಬಂದಿರುವುದಿಲ್ಲ. ಉಸಿರಿನ ಮೂಲಕ ಕೊಟ್ಟ ಅರಿವಳಿಕೆ ಅನಿಲ (ಐಸೋಫ್ಲುರೇನ್ ಅಥವಾ ಸೇವೋಫ್ಲುರೇನ್) ಇನ್ನೂ ಮೈಯಲ್ಲಿ ಉಳಿದಿರುತ್ತದೆ. ಹಾಗಾಗಿ ನಮಗೆ ಬೇಕಾದದ್ದು ಅದು ಬೇಗ ಏಳುವುದಲ್ಲ. ಅನಿಲ ಉಸಿರಿನಲ್ಲಿ ಹೊರಗೆ ಹೋಗುವ ತನಕ ಇನ್ನೂ ಸ್ವಲ್ಪ ಹೊತ್ತು ಮಲಗಿರಬೇಕು. ಅದಕ್ಕೇ ಆಪರೇಷನ್ ಮುಗಿದ ಮೇಲೂ ಜೈಲಜೀನ್ ಅಥವಾ ರೋಮಿಫಿಡೀನ್ ಎಂಬ ಮಂಪರು ಔಷಧಿ ಸಣ್ಣ ಪ್ರಮಾಣದಲ್ಲಿ ಕೊಡುತ್ತೇವೆ. ಆಗ ಪರಿಚಿತ ದನಿ ಕೇಳಿದರೆ ಏನಾಗುತ್ತದೆ ಹೇಳಿ? ಕಿವಿ ತಿರುಗುತ್ತದೆ, ತಲೆ ಎತ್ತುತ್ತಾಳೆ, ಏಳಲು ನೋಡುತ್ತಾಳೆ. ನಿಮ್ಮ ಪ್ರೀತಿಯೇ ಅವಳನ್ನು ಹೊತ್ತಿಗೆ ಮುಂಚೆ ಎಬ್ಬಿಸುತ್ತದೆ. ಎದ್ದು, ನೆಟ್ಟಗೆ ನಿಂತು, ಕಿವಿಯ ಹತ್ತಿ ತೆಗೆದ ಮೇಲೆ ಎಷ್ಟು ಬೇಕಾದರೂ ಮಾತಾಡಿಸಿ. ಮಲಗಿದ್ದಾಗ ಒಳಗೆ ಇರಬೇಡಿ, ನಿಮ್ಮ ಪ್ರಾಣಕ್ಕೂ ಅದು ಅಪಾಯ.

ಹೌದು, ಕಿವಿಗೆ ಹತ್ತಿ ಇಡುತ್ತೇವೆ. ಕಣ್ಣಿನ ಮೇಲೆ ಟವಲ್ ಹಾಕುತ್ತೇವೆ. ಹಾಲ್ಟರ್‌ನ (ಮುಖಕ್ಕೆ ಹಾಕುವ ಪಟ್ಟಿಯ) ಬಕಲ್ ಕೆನ್ನೆಯ ಕೆಳಗೆ ಒತ್ತಿದ್ದರೆ ಮುಖದ ನರ ಕೆಡುತ್ತದೆ, ತುಟಿ ಒಂದು ಕಡೆಗೆ ಜೋತು ಬೀಳುತ್ತದೆ. ಅಲ್ಲಿ ಮೆತ್ತೆ ಕೊಡುತ್ತೇವೆ, ಇಲ್ಲವೇ ಹಾಲ್ಟರ್ ಬಿಚ್ಚಿಡುತ್ತೇವೆ. ಕೆಳಗಿರುವ ಮುಂಗಾಲನ್ನು ಮುಂದಕ್ಕೆ ಎಳೆದಿಡುತ್ತೇವೆ. ಇಲ್ಲದಿದ್ದರೆ ಭುಜದ ಸ್ನಾಯುವಿನ ಮೇಲೆ ಇಡೀ ಮೈಯ ಭಾರ ಬೀಳುತ್ತದೆ. ಹಾಗೆ ಒತ್ತಿಸಿಕೊಂಡ ಕಾಲು ಏಳುವ ಹೊತ್ತಿಗೆ ಭಾರ ಹೊರುವುದಿಲ್ಲ.

ಕತ್ತಲೆಯ ಬಗ್ಗೆ: ಮಂದ ಬೆಳಕು ಸಾಕು, ಪೂರ್ತಿ ಕತ್ತಲೆ ಬೇಡ. ಕುದುರೆಯ ಕಣ್ಣು ಬೆಳಕಿನಿಂದ ಕತ್ತಲೆಗೆ ಹೊಂದಿಕೊಳ್ಳಲು ನಮ್ಮ ಕಣ್ಣಿಗಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ. ನನ್ನ ಅನುಭವದಲ್ಲಿ ಹಾನಿ ಮಾಡುವುದು ಬೆಳಕಿನ ಪ್ರಮಾಣಕ್ಕಿಂತ ಅದರ ದಿಢೀರ್ ಬದಲಾವಣೆ. ಕತ್ತಲೆಯಲ್ಲಿಟ್ಟು ನಡುವೆ ಯಾರೋ ಬಾಗಿಲು ತೆರೆದು ಕಾರಿಡಾರಿನ ಬೆಳಕು ಒಳಗೆ ಬಿಟ್ಟರು ಅನ್ನಿ. ಮೊದಲಿಂದಲೂ ಬೆಳಕಿದ್ದ ಕೋಣೆಯೇ ಇದಕ್ಕಿಂತ ವಾಸಿ. ಜೊತೆಗೆ ನಮಗೆ ಅದರ ಉಸಿರಾಟ ಕಾಣಬೇಕು.

ಉಸಿರಾಟದ ಮಾತು ಬಂತಲ್ಲ, ಇದು ಗೋಡೆ ನೆಲಕ್ಕಿಂತಲೂ ತುರ್ತಿನದು. ಕುದುರೆ ಬಾಯಲ್ಲಿ ಉಸಿರಾಡುವುದಿಲ್ಲ, ಮೂಗೊಂದೇ ದಾರಿ. ಬೆನ್ನ ಮೇಲೆ ಮಲಗಿಸಿ ಆಪರೇಷನ್ ಮಾಡಿದಾಗ, ತಲೆ ತಗ್ಗಿದ್ದರೆ ಮೂಗಿನೊಳಗೆ ಊದಿಕೊಳ್ಳುತ್ತದೆ. ಶ್ವಾಸನಾಳದ ಕೊಳವೆ ತೆಗೆದ ಮೇಲೆ ಗೊರಕೆಯಂಥ ಸದ್ದು ಬಂದರೆ ಹುಷಾರಾಗಬೇಕು. ಊತ ಇಳಿಸುವ ಫಿನೈಲೆಫ್ರಿನ್ ಹನಿಯನ್ನು ಮೂಗಿಗೆ ಹಾಕುತ್ತೇವೆ, ಅಥವಾ ಮೂಗಿನಲ್ಲಿ ಕೊಳವೆ ಇಟ್ಟೇ ಬಿಡುತ್ತೇವೆ. ಆಮ್ಲಜನಕ ನಿಮಿಷಕ್ಕೆ 15 ಲೀಟರ್‌ನಂತೆ ಹರಿಯುತ್ತಿರುತ್ತದೆ. ಉಸಿರು ಕಟ್ಟಿದ ಕುದುರೆ ಎಷ್ಟು ಒಳ್ಳೆಯ ಕೋಣೆಯಲ್ಲಿದ್ದರೂ ಹುಚ್ಚೆದ್ದು ಏಳುತ್ತದೆ. ರಿಕವರಿ ಸ್ಟಾಲ್ ಒಳಗೆ ಆಮ್ಲಜನಕದ ವ್ಯವಸ್ಥೆ ಇದೆಯಾ ಎಂದು ಖಂಡಿತ ಕೇಳಿ.

ಮರಿಕುದುರೆ

ನಮ್ಮದು ತಳಿ ಸಾಕುವ ಕಡೆ. ಮರಿಯ ವಿಷಯದಲ್ಲಿ ಮಾತ್ರ ಲೆಕ್ಕ ಬೇರೆ ಅನ್ನುವುದನ್ನು ಸೇರಿಸುತ್ತೇನೆ. ಹಾಲು ಕುಡಿಯುವ ಮರಿಯನ್ನು ಇಬ್ಬರು ಮೂವರು ಕೈಯಲ್ಲೇ ಹಿಡಿದು ಏಳಿಸಬಹುದು. ತಾಯಿಯನ್ನು ಹತ್ತಿರದಲ್ಲೇ, ಶಾಂತವಾಗಿರಲು ಔಷಧಿ ಕೊಟ್ಟು ನಿಲ್ಲಿಸಿಕೊಳ್ಳುತ್ತಾರೆ. ತಾಯಿ ಕಾಣದೆ ಕೆನೆಯಲು ಶುರುಮಾಡಿದರೆ ಮರಿಯನ್ನು ಹಿಡಿದಿಡುವುದು ಕಷ್ಟ. ಮರಿ ಬೇಗ ತಣ್ಣಗಾಗುತ್ತದೆ, ಅದಕ್ಕೆ ಬೆಚ್ಚಗಿನ ಹಾಸು ಬೇಕೇ ಬೇಕು.

ಬಿಳಿಗೊರಸು

ಅರ್ಥವಾಯಿತು ಮೇಡಂ. ಹೊರಗೇ ಇರುತ್ತೇನೆ. ಗಾಳಿ ತುಂಬಿದ ಹಾಸಿಗೆ, ನೀರಿನ ಕೊಳ ಅಂತೆಲ್ಲ ಇದೆಯಂತಲ್ಲ? ಅಂಥದ್ದು ಇರುವ ಆಸ್ಪತ್ರೆಗೇ ಹೋಗಬೇಕಾ?

ನಿದ್ದೆಡಾಕ್ಟರ್

ಗಾಳಿ ಹಾಸಿಗೆಯ ಹಿಂದಿನ ಯೋಚನೆ ನನಗೆ ತುಂಬಾ ಇಷ್ಟ. ಊದಿದ ಹಾಸಿಗೆಯ ಮೇಲೆ ಕುದುರೆಗೆ ಗೊರಸು ಊರಲು ಗಟ್ಟಿ ಜಾಗ ಸಿಗುವುದಿಲ್ಲ. ಹಾಗಾಗಿ ಏಳಲು ನೋಡಿದರೂ ಮತ್ತೆ ಮಲಗುತ್ತದೆ. ಸ್ನಾಯುವಿನ ಮೇಲೆ ಒತ್ತಡವೂ ಕಡಿಮೆ. ಸಾಕಷ್ಟು ಎಚ್ಚರ ಬಂದಿದೆ ಅನ್ನಿಸಿದಾಗ ಗಾಳಿಯನ್ನು ಬೇಗನೆ ಹೊರಗೆ ಎಳೆದುಬಿಡುತ್ತಾರೆ. ಹಾಸಿಗೆ ಚಪ್ಪಟೆಯಾಗಿ ಗಟ್ಟಿ ನೆಲ ಸಿಗುತ್ತದೆ. 2006ರಲ್ಲಿ ಇದನ್ನು ಬರೀ ನೆಲದೊಂದಿಗೆ ಹೋಲಿಸಿದ ಅಧ್ಯಯನ ಬಂತು. ಗಾಳಿ ಹಾಸಿಗೆಯ ಕುದುರೆಗಳು ಹೆಚ್ಚು ಹೊತ್ತು ಮಲಗಿದ್ದವು, ಕಡಿಮೆ ಪ್ರಯತ್ನದಲ್ಲಿ ಎದ್ದವು. ಮಲಗಿರುವಾಗ ಮೆತ್ತಗೆ, ಏಳುವಾಗ ಗಟ್ಟಿ. ಒಂದೇ ನೆಲ ಎರಡನ್ನೂ ಕೊಡುವುದು ಕಷ್ಟ, ಅದಕ್ಕೇ ಇಷ್ಟೆಲ್ಲ ಉಪಾಯ. ದಪ್ಪ ಫೋಮ್ ಹಾಸಿಗೆ ಬಳಸುವ ಕಡೆ ಅದರ ಅಂಚಿನಲ್ಲಿ ಗೊರಸು ಎಡವದಂತೆ ನೋಡಿಕೊಳ್ಳಬೇಕು.

ಕೊಳ ಇರುವುದು ಬೇರೆಯದೇ ಮಟ್ಟದ ಪ್ರಕರಣಗಳಿಗೆ. 2006ರ ಮೇ ತಿಂಗಳಲ್ಲಿ ಅಮೆರಿಕದ ಓಟದ ಕುದುರೆ ಬಾರ್ಬಾರೊ ಹಿಂಗಾಲು ನುಚ್ಚುನೂರು ಮಾಡಿಕೊಂಡಾಗ ಪೆನ್ಸಿಲ್ವೇನಿಯಾದ ನ್ಯೂ ಬೋಲ್ಟನ್ ಸೆಂಟರ್‌ನಲ್ಲಿ ಆಪರೇಷನ್ ಆಯಿತು. ಕಾಲು ತೂರಿಸುವ ತೋಳುಗಳಿದ್ದ ರಬ್ಬರ್ ದೋಣಿಯಲ್ಲಿ ಅದನ್ನು ಕೊಳದ ನೀರಿಗೆ ಇಳಿಸಿದರು. ಎಚ್ಚರ ಬಂದು ಒದ್ದಾಡಿದರೂ ಒದೆತ ನೀರಿಗೇ ಹೋಗುತ್ತದೆ. ಪೂರ್ತಿ ಎಚ್ಚರವಾದ ಮೇಲೆ ಮೇಲಿನ ಕಂಬಿಯಲ್ಲಿ ತೂಗಿಕೊಂಡು ಸ್ಟಾಲ್‌ಗೆ ತರುತ್ತಾರೆ. ಮರುವರ್ಷ ಜನವರಿಯಲ್ಲಿ ಬಾರ್ಬಾರೊ ಹೋಗಿಬಿಟ್ಟಿತು, ಅದಕ್ಕೆ ಕಾರಣ ಗೊರಸಿನ ಕಾಯಿಲೆ. ಕೊಳಕ್ಕೂ ಅದರದ್ದೇ ಅಪಾಯಗಳಿವೆ. ಎದೆಯ ಮೇಲೆ ನೀರಿನ ಒತ್ತಡ ಬೀಳುತ್ತದೆ, ಶ್ವಾಸಕೋಶದಲ್ಲಿ ನೀರು ಸೇರಬಹುದು, ಗಾಯ ಒದ್ದೆಯಾಗಬಹುದು. ಕೀಲಿನ ಚೂರು ತೆಗೆಯುವುದಕ್ಕೆ ಇದೆಲ್ಲ ಬೇಕಿಲ್ಲ.

ಈ ಉಪಕರಣಗಳನ್ನು ಹುಡುಕಿಕೊಂಡು ದೂರ ಹೋಗುವುದಕ್ಕಿಂತ, ಒಳ್ಳೆಯ ನೆಲ, ಆಮ್ಲಜನಕ ಮತ್ತು ವಾರಕ್ಕೆ ಹಲವಾರು ಕುದುರೆ ಏಳಿಸಿ ಅಭ್ಯಾಸ ಇರುವ ತಂಡ, ಈ ಮೂರು ಇರುವ ಕಡೆ ಹೋಗಿ. ನಿಲ್ಲಿಸಿಕೊಂಡೇ, ಮಂಪರು ಔಷಧಿ ಮತ್ತು ಸ್ಥಳೀಯ ಅರಿವಳಿಕೆಯಲ್ಲಿ ಮಾಡಲು ಆಗುತ್ತದೆಯೇ ಎಂದೂ ಒಮ್ಮೆ ಸರ್ಜನ್ ಬಳಿ ಕೇಳಿ. ಕೆಲವು ಕಡೆ ಕೆಲವು ಕೀಲುಗಳಿಗೆ ಅದೂ ಸಾಧ್ಯ.

ಹಗ್ಗಹಿಡಿದವ

ಸದ್ದಿನ ಬಗ್ಗೆ ಒಂದು ಮಾತು. ಕೋಣೆ ಎಷ್ಟೇ ಚೆನ್ನಾಗಿರಲಿ, ಪಕ್ಕದಲ್ಲಿ ಯಾರೋ ಸ್ಟೀಲ್ ಬಕೆಟ್ ಬೀಳಿಸಿದರೆ ಮುಗಿಯಿತು. ಕುದುರೆಯನ್ನು ಒಳಗೆ ತಂದ ಮೇಲೆ ಸರಪಳಿಯ ಹಾಯ್ಸ್ಟ್ (ಕುದುರೆಯನ್ನು ಎತ್ತುವ ಯಂತ್ರ) ಮುಟ್ಟಬಾರದು. ಫೋನ್ ಸೈಲೆಂಟ್. ಕಾರಿಡಾರಿನಲ್ಲಿ ಟ್ರಾಲಿ ಓಡಾಟ ನಿಲ್ಲಬೇಕು. ಕ್ಯಾಮೆರಾ ಇದ್ದರೆ ಕಿಟಕಿಯ ಹತ್ತಿರ ಗುಂಪು ಸೇರುವುದೂ ತಪ್ಪುತ್ತದೆ. ನೀವು ನೋಡಲು ಹೋದಾಗ ಆ ಕೋಣೆಯ ನಡುವೆ ಸ್ವಲ್ಪ ಹೊತ್ತು ಸುಮ್ಮನೆ ನಿಂತು ಕೇಳಿ. ಬೇರೆ ಕುದುರೆಗಳ ಒದೆತ, ಬಾಗಿಲಿನ ಸದ್ದು ಎಷ್ಟು ಬರುತ್ತದೆ ಎಂದು ತಿಳಿಯುತ್ತದೆ.

ಲಾಯದಮನೆ

ಡಾಕ್ಟ್ರೇ, ನೆಲದ ವಿಷಯ ಒಪ್ಪಿದೆ. ಹುಲ್ಲಿನ ಕೆಳಗೆ ಒದ್ದೆ ಕಾಣುವುದಿಲ್ಲ ಅನ್ನುವುದು ನನಗೆ ಹೊಳೆದಿರಲಿಲ್ಲ. ಹಾಗಾದರೆ ರಿಕವರಿ ಮುಗಿದು ಸ್ವಂತ ಸ್ಟಾಲ್‌ಗೆ ಬಂದ ಮೇಲೆ ಏನು ಹಾಸಬೇಕು?

ನಿದ್ದೆಡಾಕ್ಟರ್

ಅಲ್ಲಿ ನಿಮ್ಮ ಮಾತೇ ಸರಿ, ಸರ್. ಅಲ್ಲಿ ದಪ್ಪ, ಒಣಗಿದ, ಧೂಳಿಲ್ಲದ ಹಾಸು ಬೇಕು. ಅಲ್ಲಿಗೆ ಹೋಗುವ ಹೊತ್ತಿಗೆ ಕುದುರೆಗೆ ತನ್ನ ಕಾಲಿನ ಮೇಲೆ ಹತೋಟಿ ಬಂದಿರುತ್ತದೆ. ಸುಸ್ತಾದರೆ ಮಲಗಬೇಕು ಅನ್ನಿಸಬೇಕು.

ಎರಡು ಸ್ಟಾಲ್‌ಗಳ ನಡುವಿನ ದಾರಿಯನ್ನು ಮರೆಯಬೇಡಿ. ಎದ್ದು ನಿಂತ ಕುದುರೆಯನ್ನು ಕೂಡಲೇ ನಡೆಸಬಾರದು. ನೆಟ್ಟಗೆ ಹೆಜ್ಜೆ ಇಡುವ ತನಕ ಕಾಯಬೇಕು. ನುಣುಪು ಕಾಂಕ್ರೀಟಿನ ಕಾರಿಡಾರ್ ಇದ್ದರೆ ಅಲ್ಲೂ ರಬ್ಬರ್ ಮ್ಯಾಟ್ ಹಾಸಿರಬೇಕು. ಬಾಗಿಲ ಹೊಸ್ತಿಲು, ಇಳಿಜಾರು, ಇವೆರಡೂ ಎಡವುವ ಜಾಗ.

ಸ್ಟಾಲ್‌ಗೆ ಬಂದ ಕೂಡಲೇ ಮೇವು ಕೊಡಬೇಡಿ. ನುಂಗುವ ಶಕ್ತಿ ಪೂರ್ತಿ ಬಂದಿರುವುದಿಲ್ಲ, ಗಂಟಲಲ್ಲಿ ಸಿಕ್ಕೀತು. ಹಾಸಿದ್ದು ತಿನ್ನುವಂಥ ಹುಲ್ಲಾದರೆ ಆ ಹೊತ್ತಿಗೆ ಬಾಯಿಗೆ ಮಜಲ್ (ತಿನ್ನದಂತೆ ತಡೆಯುವ ಕುಕ್ಕೆ) ಹಾಕಿ, ಇಲ್ಲವೇ ಮರದ ಹೊಟ್ಟು ಹಾಸಿ. ಪೂರ್ತಿ ಎಚ್ಚರವಾದ ಮೇಲೆ ಹಿಡಿಹಿಡಿಯಾಗಿ ಹುಲ್ಲು, ಕೈಗೆಟುಕುವಲ್ಲಿ ನೀರು.

ಬಿಳಿಗೊರಸು

ಅವಳ ಜೊತೆಗಾರ ಕುದುರೆಯನ್ನೂ ಕರೆದುಕೊಂಡು ಹೋಗಲಾ? ಒಂಟಿಯಾದರೆ ಸ್ಟಾಲ್ ತುಂಬ ತಿರುಗುತ್ತಾಳೆ.

ಲಾಯದಮನೆ

ಆಸ್ಪತ್ರೆಯವರು ಒಪ್ಪಿದರೆ ಖಂಡಿತ ಕರೆದುಕೊಂಡು ಹೋಗಿ. ಪಕ್ಕದ ಸ್ಟಾಲ್‌ನಲ್ಲಿ, ಕಂಬಿಯ ನಡುವಿಂದ ಮುಖ ಕಾಣುವಂತೆ ಇರಲಿ. ತಿರುಗುವ ಕುದುರೆಗೆ ಆಪರೇಷನ್ ಆದ ಕೀಲಿನ ಮೇಲೆ ಭಾರ ಜಾಸ್ತಿ ಬೀಳುತ್ತದೆ. ರಿಕವರಿ ಸ್ಟಾಲ್ ಹತ್ತಿರ ಮಾತ್ರ ಬೇಡ. ಅವನು ಕೆನೆದರೆ ಇವಳು ಮಲಗಿದಲ್ಲಿಂದಲೇ ಎದ್ದುಬಿಡುತ್ತಾಳೆ.

ಇನ್ನೊಂದು, ಲದ್ದಿ ನೋಡುತ್ತಿರಿ. ಗುಂಪುಗಳನ್ನು ಎಣಿಸಿ ಬರೆದಿಡಿ. ನಾವು ಸೈಸ್‌ಗಳಿಗೆ (ಕುದುರೆ ನೋಡಿಕೊಳ್ಳುವ ಆಳುಗಳಿಗೆ) ಬಾಗಿಲ ಪಕ್ಕ ಒಂದು ಹಲಗೆ ಕೊಟ್ಟಿದ್ದೇವೆ, ಲದ್ದಿ ತೆಗೆದಾಗಲೆಲ್ಲ ಅದರ ಮೇಲೆ ಒಂದು ಗೀಟು ಎಳೆಯುತ್ತಾರೆ.

ನಿದ್ದೆಡಾಕ್ಟರ್

ಆ ಹಲಗೆ ಪ್ರತಿ ಆಸ್ಪತ್ರೆಯಲ್ಲೂ ಇರಬೇಕು. ಆರೋಗ್ಯವಂತ ಕುದುರೆ ದಿನಕ್ಕೆ ಸಾಮಾನ್ಯವಾಗಿ 8ರಿಂದ 12 ಸಲ ಲದ್ದಿ ಹಾಕುತ್ತದೆ. ಅರಿವಳಿಕೆ, ನೋವಿನ ಔಷಧಿ, ಉಪವಾಸ, ಇವೆಲ್ಲ ಕರುಳನ್ನು ನಿಧಾನ ಮಾಡುತ್ತವೆ. ಬಯಲಿನಲ್ಲಿ ಮೇಯುತ್ತಿದ್ದ ಕುದುರೆಯನ್ನು ಸ್ಟಾಲ್‌ನಲ್ಲಿ ಕಟ್ಟಿಹಾಕುವುದೊಂದೇ ಸಾಕು, ದೊಡ್ಡ ಕರುಳಿನ ಚಲನೆ ಕಡಿಮೆಯಾಗುತ್ತದೆ. ಬಿಳಿಗೊರಸು ಅವರೇ, ನಿಮ್ಮವಳು ಬಯಲಿನಲ್ಲಿ ಇರುವವಳಾದರೆ ಕೆಲವು ದಿನ ಮೊದಲೇ ಸ್ಟಾಲ್ ಅಭ್ಯಾಸ ಮಾಡಿಸಿ. ಮೇವನ್ನು ಒದ್ದೆ ಮಾಡಿ ಕೊಡಿ. ಆಪರೇಷನ್ ಆದ ಮೊದಲ 24 ಗಂಟೆಯಲ್ಲಿ ಹಲಗೆಯ ಮೇಲೆ ಮೂರು ನಾಲ್ಕು ಗೀಟೂ ಬೀಳದಿದ್ದರೆ, ಅವಳು ಎಷ್ಟೇ ಗೆಲುವಾಗಿ ಕಂಡರೂ ಡಾಕ್ಟರಿಗೆ ಹೇಳಿ. ಸೀಕಂನಲ್ಲಿ (ದೊಡ್ಡ ಕರುಳಿನ ಆರಂಭದ ಚೀಲದಂಥ ಭಾಗದಲ್ಲಿ) ಮೇವು ಕಟ್ಟಿಕೊಂಡರೆ ಹೊರಳಾಟ, ಒದ್ದಾಟ ಏನೂ ಕಾಣಿಸದೆ ಮುಂದುವರಿಯಬಹುದು. ಸುಮ್ಮನೆ ಮಂಕಾಗಿ ನಿಂತು ಅರ್ಧ ಮೇವು ಬಿಟ್ಟಿದ್ದಾಳೆ ಅನ್ನುವುದಷ್ಟೇ ಕಾಣುತ್ತದೆ. ರಾತ್ರಿ ಪಾಳಿಯವರಿಗೂ ಇದನ್ನು ಬಾಯಿಬಿಟ್ಟು ಹೇಳಿ ಬನ್ನಿ.